ಶಿಡ್ಲಘಟ್ಟದಲ್ಲಿ ಹವಳದ ಲೆಕ್ಕ

ಲೋಹಿತಾಕ್ಷನ ಹಾಳೆ ಬಂದದ್ದು ಸೋಮವಾರ,
ಕರೆಂಟು ಹೋಗುವ ಹತ್ತು ನಿಮಿಷ ಮೊದಲು.
ಮೂರು ಜಾಗ: ಲಗೂನಿನ ಒಳಗೆ, ಹೊರ ಅಂಚು, ಜೆಟ್ಟಿಯ ಬಳಿ.
ಜಾಗಕ್ಕೆ ಹದಿನೈದು ಚೌಕ.
ಚೌಕದೊಳಗೆ ಬದುಕಿರುವ ಹವಳ ಶೇಕಡ ಎಷ್ಟು,
ಬೆನ್ನಿಗೆ ಗಾಳಿ ಕಟ್ಟಿಕೊಂಡು ಮುಳುಗಿ
ಎಣಿಸಿ ಕಳಿಸಿದ್ದಾನೆ.
ಕಡಲನ್ನು ನಾನು ನೋಡಿದ್ದು ಒಂದೇ ಸಲ,
ಅದೂ ಬಸ್ಸಿನ ಕಿಟಕಿಯಿಂದ, ರಾತ್ರಿ.
ಕತ್ತಲು ಸದ್ದು ಮಾಡುತ್ತಿತ್ತು, ಅಷ್ಟೇ.

ಇಲ್ಲಿ ನಮಗೆ ಗೊತ್ತಿರುವ ನೀರು
ಗೂಡು ಬೇಯುವ ತೊಟ್ಟಿಯದು.
ಕಾಲೇಜಿನ ಹಿಂದಿನ ಓಣಿಯಿಂದ ಪ್ಯೂಪಾ ವಾಸನೆ
ಮೂರನೇ ಪೀರಿಯಡ್ಡಿಗೆ ಸರಿಯಾಗಿ ಒಳಗೆ ಬರುತ್ತದೆ,
ಹಾಜರಿ ಕೂಗದಿದ್ದರೂ.

ಶಬ್ರೀನಳಿಗೆ ಅನೋವಾ ಹೇಳಿಕೊಟ್ಟದ್ದು
ಗೂಡಿನ ಮಾರುಕಟ್ಟೆಯ ಜಾಲರಿಗಳನ್ನು ತೋರಿಸಿ:
"ಮೂವರು ರೈತರ ಮೂರು ಲಾಟು. ಒಂದೇ ಲಾಟಿನಲ್ಲಿ
ದಪ್ಪ ಗೂಡಿದೆ, ಸಣ್ಣದಿದೆ, ಜೋಡಿಗೂಡೂ ಇದೆ.
ಅದು ಒಳಗಿನ ಏರುಪೇರು.
ಲಾಟಿಗೂ ಲಾಟಿಗೂ ಇರುವುದು ನಡುವಿನ ಏರುಪೇರು.
ನಡುವಿನದನ್ನು ಒಳಗಿನದರಿಂದ ಭಾಗಿಸು.
ಮನೆಯೊಳಗಿನ ಜಗಳಕ್ಕಿಂತ ಬೀದಿಜಗಳ
ಎಷ್ಟು ಪಟ್ಟು ದೊಡ್ಡದು, ಪ್ರಶ್ನೆ ಅಷ್ಟೇ."
ಅವಳ ಅಬ್ಬಾ ಮೂವತ್ತು ವರ್ಷ ಹಿಡಿ ಗೂಡು ಎತ್ತಿ
ಕಿವಿಯ ಬಳಿ ಅಲ್ಲಾಡಿಸಿ ಹರಾಜು ಕೂಗಿದವರು.
"ಅಬ್ಬಾ ಇದನ್ನ ಕಿವೀಲೇ ಮಾಡ್ತಾರೆ ಮೇಡಂ" ಅಂದಳು.

ಹನ್ನೊಂದನೇ ಚೌಕ ಖಾಲಿ.
ಶಬ್ರೀನ್ ಅಲ್ಲಿ ಸೊನ್ನೆ ತುಂಬಿದ್ದಳು.
ಲೋಹಿತಾಕ್ಷನ ಷರಾ: ಸೆಳೆತ ಜೋರು. ಓದಲಾಗಲಿಲ್ಲ.
ಅಳಿಸಲು ಹೇಳಿದೆ.
ಕಾಣದ್ದು ಬೇರೆ, ಇಲ್ಲದ್ದು ಬೇರೆ;
ಈ ಒಂದು ಪಾಠಕ್ಕೆ ಸಿಲಬಸ್ಸಿನಲ್ಲಿ ಅಂಕವಿಲ್ಲ.

ಎಫ್ ಬಂತು: ಸೊನ್ನೆ ಬಿಂದು ಎಂಟು.
ಮೂರು ಜಾಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.
"ಎಲ್ಲರ ಮನೆ ದೋಸೇನೂ ತೂತೇ ಮೇಡಂ" ಎಂದು ನಕ್ಕಳು,
ನಾನೂ ನಕ್ಕೆ.

ಆಮೇಲೆ, ಮುಚ್ಚುವ ಮುಂಚೆ ಸುಮ್ಮನೆ,
ನಾಲ್ಕು ವರ್ಷ ಹಿಂದಿನ ಹಾಳೆ ತೆಗೆದೆ.
ಆಗ ಹೊರ ಅಂಚಿಗೆ ಐವತ್ತೆಂಟು,
ಲಗೂನಿಗೆ ನಲವತ್ತು, ಜೆಟ್ಟಿಗೆ ಇಪ್ಪತ್ತಾರು ಸರಾಸರಿ.
ಚೌಕಚೌಕಕ್ಕೂ ಜಗಳ; ಒಂದರಲ್ಲಿ ಎಂಬತ್ತು,
ಪಕ್ಕದ್ದರಲ್ಲಿ ಹನ್ನೆರಡು.
ಈಗ ಒಂಬತ್ತು, ಎಂಟು, ಏಳು.
ಒಳಗೂ ಜಗಳವಿಲ್ಲ, ನಡುವೆಯೂ ಇಲ್ಲ.
ಗುಂಪುಗಳ ಚೆದುರುವಿಕೆ ಸಮನಾಗಿರಬೇಕೆಂಬ ಷರತ್ತು
ಇಷ್ಟು ಚೆನ್ನಾಗಿ ಯಾವ ಪಠ್ಯದ ಉದಾಹರಣೆಯಲ್ಲೂ
ಕೂಡಿಬಂದದ್ದು ನಾನು ಕಂಡಿಲ್ಲ.

ಫೋಟೋ ತೆರೆದೆವು.
"ಎಷ್ಟು ಬಿಳಿ!" ಎಂದಳು ಮೊದಲು, ಮಾರುಕಟ್ಟೆಯ ಮಗಳು.
ಹಳದಿ ಗೂಡಿಗಿಂತ ಬಿಳಿಗೆ ಇಲ್ಲಿ ರೇಟು ಜಾಸ್ತಿ.
ಆಮೇಲೆ ಸುಮ್ಮನಾದಳು.
"ನೀರು ಎಷ್ಟು ಬಿಸಿಯಾಗಿತ್ತಂತೆ?"
ಎರಡು ಡಿಗ್ರಿ ಹೆಚ್ಚು, ಎಂದೆ. ಎಂಟು ವಾರ.
"ಎರಡೇನಾ?"
ಮನೆಯ ತೊಟ್ಟಿಗೆ ಬೆರಳದ್ದಿ ಹದ ಹೇಳುವ ಹುಡುಗಿ
ದುಪಟ್ಟಾದಲ್ಲಿ ಬೆರಳು ಒರೆಸಿಕೊಂಡಳು,
ಒದ್ದೆ ಇಲ್ಲದಿದ್ದರೂ.

ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ.
ಮೇವು ಬಿಟ್ಟು, ತಲೆ ಎತ್ತಿ, ಕಲ್ಲಿನಂತೆ ಕೂರುತ್ತದೆ.
ನಾಲ್ಕು ಜ್ವರ ದಾಟಿದರೆ ಹಣ್ಣಾಗಿ ಚಂದ್ರಿಕೆ ಹತ್ತುತ್ತದೆ.
ಹವಳಕ್ಕೆ ಇದು ಎಷ್ಟನೆಯದೋ,
ಏಳುತ್ತದೋ ಇಲ್ಲವೋ,
ಕೋಷ್ಟಕದಲ್ಲಿ ಆ ಕಾಲಂ ಇಲ್ಲ.

ವರ್ಷವನ್ನೂ ಸೇರಿಸಿ ಮತ್ತೆ ಓಡಿಸಿದೆವು.
ಎಫ್ ಎಪ್ಪತ್ತು ದಾಟಿತು.
ಚೆದುರುವಿಕೆಯ ಷರತ್ತು ಮುರಿದದ್ದಕ್ಕೆ
ಅಡಿಟಿಪ್ಪಣಿ ಹಾಕಿದೆ.
ವರದಿಯ ಮೊದಲ ಸಾಲು ಶಬ್ರೀನಳದು, ತಿದ್ದಲಿಲ್ಲ:
ಮೂರು ಜಾಗಗಳ ನಡುವೆ ಈಗ ವ್ಯತ್ಯಾಸವಿಲ್ಲ.
ಮೊದಲು ಇತ್ತು.