ಪಾಟಿ ಹಿಡದಾಕಿ

ಹುಬ್ಬಳ್ಳಿಂದ ಬಂದ ಹುಡುಗ, ನಿಹಾಲ ಪಟವೇಗಾರ,
ಉಗುರಿಗೆ ಕರೇ ಬಣ್ಣ ಹಚ್ಚಿಕೊಂಡಾನ,
ನನ್ನ ಝೆರಾಕ್ಸ್ ಅಂಗಡಿ ಗಾಜಿನ ಮ್ಯಾಲ ಮೊಣಕೈ ಊರಿ
ಕ್ಯಾಮರಾ ಅಂಗೈಯಾಗ ತೂಗಿ ನೋಡಿದ,
ಸಂತ್ಯಾಗ ಸವತಿಕಾಯಿ ತೂಗಿ ನೋಡಿದಂಗ.
"ಒಂಬತ್ತೂವರಿ," ಅಂದ.
ಒಂಬೈನೂರಾ ಐವತ್ತು ಅಂತ ತಿಳದು ನಾ ಸುಮ್ಮನಿದ್ದೆ.
ಸುಮ್ಮನಿದ್ದದ್ದು ಚೌಕಾಶಿ ಅಂತ ಅವ ತಿಳದು
"ಆತು ಬಿಡ್ರಿ, ಹತ್ತು ಸಾವಿರ," ಅಂದ.

ತೊಂಬತ್ತಾರರಾಗ ಕಾಕಾ ಕೊಟ್ಟದ್ದು ಎರಡು ಸಾವಿರದ ಮುನ್ನೂರು.
ಅದಕ್ಕ ಕಾಕೂನ ಬಿಲವಾರ ಒತ್ತಿ ಬಿದ್ದು ತಿರುಗಿ ಬರಲಿಲ್ಲ.
ಮುಂದ ಗುಜರಿ ದಸ್ತಗೀರ ಇದಕ್ಕ ಕೊಡತೀನಿ ಅಂದದ್ದು
ಒಂದು ಪ್ಲಾಸ್ಟಿಕ್ ಜರಡಿ.
ಜರಡಿ ಮನ್ಯಾಗ ಇತ್ತು. ಅದಕ್ಕ ಕ್ಯಾಮರಾ ಉಳೀತು.

"ಈಗ ಎಲ್ಲಾರಿಗೂ ಇದ ಬೇಕರೀ ಅಕ್ಕಾ,
ಪುಣಾದಾಗ ಹದಿನಾಕು ನಡದೈತಿ.
ಫೋನಿನ ಫೋಟೊ ಭಾಳ ಸ್ವಚ್ಛ ಬರತಾವ," ಅಂದ,
ಸ್ವಚ್ಛ ಅನ್ನೂದು ಒಂದು ರೋಗ ಇದ್ದಂಗ.

ನಡೀತೈತೋ ಇಲ್ಲೋ ನೋಡಬೇಕಲ್ಲ.
ಗ್ವಾಡಿ ಗಡಿಯಾರದ್ದು ಒಂದು ಸೆಲ್,
ಬಾಜೂ ಸಲೂನಿನ ಟಿವಿ ರಿಮೋಟಿನದು ಒಂದು.
ಝುಂಯ್ ಅಂತ ಮೂಗು ಹೊರಗ ಹಾಕ್ತು,
ಆಮಿ ಬಿಸಲಿಗೆ ಮಾರಿ ತಗದಂಗ.
ಬೆನ್ನಿನ ಸಣ್ಣ ಕಿಟಕ್ಯಾಗ ಅಂಕಿ ಮಿಟುಕಿ ಇಸವಿ ಕೇಳಿತು.
ಅವ ಒತ್ತಿಕೋತ ಹೋದ. ಹದಿನೆಂಟು, ಹತ್ತೊಂಬತ್ತು,
ಮತ್ತ ಒಮ್ಮಿಗೇ ಎಂಬತ್ತೇಳು.
ಹತ್ತೊಂಬತ್ತರ ಮುಂದ ಇದಕ್ಕ ಯಾರೂ ವರ್ಷ ಕಲಿಸಿಲ್ಲ.
"ತೊಂಬತ್ತೇಳಕ್ಕ ಇಡತೀನಿ, ವಾರ ತಾರೀಖು ಈ ವರ್ಷಕ್ಕ ಹೊಂದತಾವ.
ಲೈಕೂ ಜಾಸ್ತಿ."
ತೊಂಬತ್ತೇಳರಾಗ ಅವರವ್ವನ ಲಗ್ನ ಆಗಿತ್ತೋ ಇಲ್ಲೋ.

ತೊಂಬತ್ತೇಳು.
ಮುಳುಗಡೆ ಮನಿ ಎಣಿಸಿದ ವರ್ಷ.
ಕಾಕಾ ಹಳೇ ಬಾಗಲಕೋಟಿ ಓಣಿ ಓಣಿ ತಿರುಗಿ
ಮನೀಗೊಂದು ಫೋಟೊ ಹೊಡದ, ಫೋಟೊಕ್ಕ ನಾಕು ರೂಪಾಯಿ,
ಅದೂ ಆರು ತಿಂಗಳು ತಡಾ.
ಮನೀ ಮುಂದ ಮಂದಿ, ಮಂದಿ ಮುಂದ ನಾನು,
ಎಂಟು ವರ್ಷದಾಕಿ, ಎದೀ ಮಟ್ಟಕ್ಕ ಪಾಟಿ,
ಪಾಟಿ ಮ್ಯಾಲ ಬಳಪದ್ಲೆ ನಂಬರ.
ಅಳಸಾಕ ಉಗುಳು, ಒರಸಾಕ ಲಂಗದ ಚುಂಗು.

ಮೂವತ್ತೆಂಟನೇ ಮನಿ ಸಕ್ಕೂಬಾಯಿ
ನತ್ತು ಸಿಗೂತನಕ ಹೊರಗ ಬರಲಿಲ್ಲ.
ನೂರಾ ಆರು, ಮಗ್ಗದವರು, "ಕುಣೀದೂ ತಗೀರಿ" ಅಂದರು.
"ತಗ್ಗಿಗೆ ರೇಟಿಲ್ಲ" ಅಂದ ಸರ್ವೇದವ.
ಬೇವಿನ ಗಿಡಕ್ಕ ಇತ್ತು. ಬಚ್ಚಲ ಕಲ್ಲಿಗೆ ಇತ್ತು.
ಎಲ್ಲಾ ಪುಸ್ತಕ ನೋಡೇ ಹೇಳತಿದ್ದ,
ಈ ನಿಹಾಲ ಫೋನ್ ನೋಡಿ ಹೇಳಿದಂಗ.

ನಮ್ಮ ಮನಿ ಇನ್ನೂರಾ ಹನ್ನೆರಡು.
ಮನಿಯವರ ಸಾಲಿನ್ಯಾಗ ನಿಲ್ಲಲೋ, ಪಾಟಿ ಹಿಡಿಲೋ,
ತಿಳೀಲಿಲ್ಲ. ಕಾಕಾ ಸಿಟ್ಟೀಲೆ "ಹಿಡಿ" ಅಂದ.
ಊರ ಮಂದೀ ಫೋಟೊದಾಗೆಲ್ಲಾ ನಾ ನೆಟ್ಟಗ ನಿಂತೀನಿ,
ನಮ್ಮದರಾಗ ಅಷ್ಟ ಮಾರಿ ಅಳ್ಳಾಡೇತಿ.

"ಒಂದು ಟೆಸ್ಟ್ ಹೊಡೀತೀನಿ ಅಕ್ಕಾ,"
ರೀಲು ಹಾಕಿದ. ಆ ರೀಲಿಗೇ ಏಳುನೂರಂತ.
ಅಂಗಡಿ ಬೋರ್ಡಿನ ಕೆಳಗ ನಿಂತೆ,
ಸೆಕ್ಟರ್ ಇಪ್ಪತ್ತೊಂಬತ್ತು, ಪ್ಲಾಟ್ ನಲವತ್ತೇಳು.
ಫ್ಲ್ಯಾಶ್ ಬೀಳೂದರಾಗ
ಎರಡೂ ಕೈ ತಮ್ಮಷ್ಟಕ್ಕ ತಾವ ಎದೀ ಮಟ್ಟಕ್ಕ ಬಂದು
ಏನೂ ಇಲ್ಲದ್ದನ್ನ ಗಟ್ಟ್ಯಾಗಿ ಹಿಡಕೊಂಡಿದ್ದವು.
"ಇದೇನ್ ಪೋಸ್ ರೀ!" ಅಂತ ನಕ್ಕ.
ಆ ಫೋಟೊದ ಮೂಲ್ಯಾಗ ಕೇಸರಿ ಅಂಕೀಲೆ ತೊಂಬತ್ತೇಳು ಇರತೈತಿ.
ನೋಡಿದವರು, ಈಕಿಗೆ ಆಗಲೇ ಬಿಳೀಕೂದಲಿತ್ತು ಅಂತಾರ.

ಹತ್ತೂವರಿಗೆ ಮುಗೀತು.
ಐನೂರು ಹೆಚ್ಚು ಕೇಳಿದ್ದಕ್ಕ ಒಂದೀಟು ನಾಚಿಕಿ,
ಇನ್ನೂ ಕೇಳಬಹುದಿತ್ತು ಅಂತ ಅದಕ್ಕಿಂತ ಒಂದೀಟು ಹೆಚ್ಚು ಸಂಕಟ.
ಕಾಕೂಗ ಫೋನ್ ಮಾಡಿ ಹೇಳಿದರ
"ಬಿಲವಾರದ ರೇಟು ಈಗೆಷ್ಟೈತಿ, ಗೊತ್ತೈತೇನ?" ಅಂದಳು.
ಖರೇನ.

ಸಂಜೀಕ ಸಲೂನಿನಾಂವ ರಿಮೋಟ್ ಹಿಡಕೊಂಡು ಬಂದ.
ಸೆಲ್ ಹುಬ್ಬಳ್ಳಿಗೆ ಹೋಗಿದ್ದವು.
ಗ್ವಾಡಿ ಮ್ಯಾಲ ಹನ್ನೊಂದೂ ನಲವತ್ತು.