ಹತ್ತನೆಯ ಉಗುರು

ಭಾನುವಾರ ಇಲ್ಲಿ ಉಗುರು ಕತ್ತರಿಸುವ ದಿನ.
ಹದಿನಾಲ್ಕು ಹುಡುಗಿಯರು, ಒಂದೇ ನೇಲ್ ಕಟರ್,
ಅದಕ್ಕೂ ಒಂದು ಬೀಗ, ಒಂದು ರಿಜಿಸ್ಟರ್.
ಕತ್ತರಿಸುವುದು ನಾನು. ಸಹಿ ಹಾಕುವುದೂ ನಾನೇ.

ಹುಸೇನಮ್ಮ ಬಂದು ಮೂರು ತಿಂಗಳು.
ಕುಷ್ಟಗಿ ಕಡೆಯವಳು, ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದವಳು.
ಏನು ಮಾಡಿ ಬಂದಳೆಂಬುದು ಫೈಲಿನಲ್ಲಿದೆ;
ರಾತ್ರಿಪಾಳಿಯವಳಿಗೆ ಫೈಲು ಕೊಡುವುದಿಲ್ಲ,
ನಿದ್ದೆ ಕೊಡುತ್ತಾರೆ ಕಾಯಲಿಕ್ಕೆ,
ಅವಳಿಗಿಲ್ಲದ್ದನ್ನು.

ಬಳ್ಳಾರಿಯ ಬಂಡೆ ಹಗಲು ನುಂಗಿದ ಬಿಸಿಲನ್ನು
ನಡುರಾತ್ರಿ ದಾಟಿದರೂ ಕಕ್ಕುತ್ತಿರುತ್ತದೆ.
ಆಮೇಲೆ ಅದಿರಿನ ಗೂಡ್ಸು.
ಆಮೇಲೆ ಚಾದರದೊಳಗಿಂದ ಕಿರ್ರ್, ಕಿರ್ರ್.
ಇಲಿ ಅಂದುಕೊಂಡಿದ್ದೆ ಮೊದಲ ವಾರ.
ಟಾರ್ಚು ಬಿಟ್ಟರೆ, ಮುಂಗೈ ತುಂಬ ಸುಲಿದ ತೊಗಲು.
ಮುಖದಲ್ಲಿ ನೋವಿಲ್ಲ. ಕೆಲಸದ ಮುಖ.

ಗುರುವಾರ ಬರುವ ಕೌನ್ಸೆಲರ್ ಮೇಡಂ ಕೇಳಿದರು:
ಸಿಟ್ಟು ಬಂದಾಗ ಮಾಡ್ತೀಯಾ, ದುಃಖ ಆದಾಗಾ?
"ಬೆಳಗಾಗೂದ್ರೊಳಗ ಮುಗಸಬೇಕ್ರಿ" ಅಂದಳಂತೆ.
ಅದಕ್ಕೆ ಟಿಕ್ ಹಾಕಲು ಚೌಕ ಇರಲಿಲ್ಲ.

ಮೊನ್ನೆ ಸಂಜೆ ನೀರಿನ ಟ್ಯಾಂಕಿನ ಬದಿಗೆ
ದಾಸವಾಳದ ಮೊಗ್ಗು ಹಿಡಿದು ನಿಂತಿದ್ದಳು.
ಕತ್ತರಿಸಿ ಐದು ದಿನವಾದ ಉಗುರು, ಬಲಗೈ ಹೆಬ್ಬೆರಳಿನದು,
ಬುಡಕ್ಕೆ ಊರಿ ಒಂದೇ ಸುತ್ತು:
ಎಸಳು, ಪುಡಿ, ಎಲ್ಲ ಕುಲಾಯಿಯಂತೆ ಕೈಗೆ ಬಂತು.
ನಡುವಿನ ಕಡ್ಡಿ ಮಾತ್ರ ಒದ್ದೆ, ಬೆತ್ತಲೆ, ನೆಟ್ಟಗೆ.
"ಹತ್ತಿ ಬೀಜದ ಹೊಲದಾಗ ಹಿಂಗ ಅಕ್ಕಾ.
ದಿನಕ್ಕ ಎಂಟನೂರು. ಒಂಬತ್ತು ವರ್ಷದಾಕಿ ಇದ್ದೆ.
ಗಂಡು ತಗೀಬೇಕು, ಒಳಗಿಂದಕ್ಕ ಉಗುರು ತಾಕಬಾರ್ದು.
ತಾಕಿದ್ರ ಮೇಸ್ತ್ರಿ..."
ಅಲ್ಲಿಗೆ ನಿಂತಳು.
ಟವೆಲಿನ ಕೆಂಪು ನೂಲು ಹಿರಿದು ಮೊಗ್ಗಿಗೆ ಕಟ್ಟಿದಳು,
ಮುಂಜಾನೆ ಗುರುತು ಸಿಗಲೆಂದು.

ಆ ರಾತ್ರಿ ಇಲಿ ಬರಲಿಲ್ಲ.
ಮರುರಾತ್ರಿ ಬಂತು.

ಇವತ್ತು ಒಂಬತ್ತು ಉಗುರು ಕೊಟ್ಟಳು,
ಹತ್ತನೆಯದು ಮುಷ್ಟಿಯೊಳಗೆ.
ಬಿಡಿಸಬಹುದಿತ್ತು. ಬಿಡಿಸಿದ್ದೇನೆ ಎಷ್ಟೋ ಮುಷ್ಟಿ.
ರಿಜಿಸ್ಟರಿನಲ್ಲಿ ಹತ್ತು ಅಂತ ಬರೆದೆ.
ತಪ್ಪು ಮಾಡಿದೆನೋ ಏನೋ.

ಈಗ ಎರಡೂ ಕಾಲು. ಗೂಡ್ಸು ಹೋಯಿತು.
ಕುರ್ಚಿಯನ್ನು ಅವಳ ಮಂಚದ ಹತ್ತಿರ ಎಳೆದುಕೊಂಡಿದ್ದೇನೆ.
ಆ ಹೆಬ್ಬೆರಳು ನನ್ನ ಅಂಗೈಯಲ್ಲಿ ಬೆವರುತ್ತಿದೆ,
ಹಿಡಿದದ್ದು ನಾನೋ ಅವಳೋ ಗೊತ್ತಿಲ್ಲ.
"ಬೆಳಗಾಗಾಕ ಇನ್ನಾ ಎಷ್ಟೊತ್ತೈತಿ ಅಕ್ಕಾ?"
ಗಡಿಯಾರಕ್ಕೆ ಬೆನ್ನು ಮಾಡಿ
"ಆತವ್ವಾ, ಆಗೇ ಹೋತು" ಅಂದೆ.