ಅಲುಗಿಸಬಾರದು

ಆರೂ ಇಪ್ಪತ್ತಕ್ಕೆ ಕಸದ ಆಟೋ
ಕ್ಯಾಶುವಾಲ್ಟಿ ಬಾಗಿಲಿಗೇ ಬಂದು ನಿಂತಿತು,
ಮೈಕಿನ ಹಾಡು ಆರಿಸುವುದನ್ನೂ ಮರೆತು.
ಎದುರಿನ ಕ್ವಾರ್ಟರ್ಸಿನಿಂದ ಇಬ್ಬರು
ಬಕೆಟ್ಟು ಹಿಡಿದು ಇಳಿದೇ ಬಂದರು.
ಹಸಿ ಕಸ, ಒಣ ಕಸದ ಮೂಟೆಗಳ ನಡುವೆ
ಎಡಗಾಲು ಚಾಚಿ ಕೂತಿದ್ದಳು ಪೆಂಚಲಮ್ಮ,
ಸೀರೆ ಮೇಲಿನ ಕೋಟಿನ ಗುಂಡಿ ಒಂದೂ ಬಿಚ್ಚದೆ.

ಜಕ್ಕೂರಿನ ಖಾಲಿ ಸೈಟು. ಯಾರೋ ರಾತ್ರಿ
ಕದ್ದು ಎಸೆದು ಹೋದ ಹಾಸಿಗೆ.
ಎತ್ತಿದರೆ ಅಡಿಯಲ್ಲಿ ಕುಕ್ಕರಿನ ಸದ್ದು.
'ಗ್ಯಾಸು ಲೀಕೇನೋ ಅಂದ್ಕೊಂಡೆ ಸಿಸ್ಟರಮ್ಮ.'
ಡ್ರೈವರ್ ಮೊಬೈಲು ತೋರಿಸಿದ:
ಮಸುಕು ಫೋಟೋ, ಬೆನ್ನುದ್ದಕ್ಕೂ ಸರಪಳಿ.
ಕೊಳಕುಮಂಡಲ, ಎಂದೆ.
ಆ ನೋವಿನಲ್ಲೂ ಅವಳ ತುಟಿ ಓರೆಯಾಯಿತು:
'ಕೊಳಕೆಲ್ಲ ನಮ್ಮ ಪಾಲು ಅಂತ
ಇದಕ್ಕೂ ಗೊತ್ತಾಗೋಯ್ತಾ?'

ಮೊಣಕಾಲ ಕೆಳಗೆ ಬಿಗಿದಿತ್ತು
ಗುರುತಿನ ಚೀಟಿಯ ನೀಲಿ ಪಟ್ಟಿ.
ಯಾರೂ ಬ್ಲೇಡು ಹಾಕಿರಲಿಲ್ಲ, ಬಾಯಿಟ್ಟು ಹೀರಿರಲಿಲ್ಲ,
ಅಷ್ಟು ಪುಣ್ಯ.
ಒಮ್ಮೆಲೇ ಕತ್ತರಿಸಬೇಡಿ, ಎಂದರು ಡಾಕ್ಟರ್ ತಹಸೀನ್,
ಮೊದಲು ನರ ಸಿಗಲಿ.
ಆಮೇಲೆ ಬೆರಳಷ್ಟು, ಬೆರಳಷ್ಟು ಸಡಿಲಿಸಿದೆವು.
ಚೀಟಿಯಲ್ಲಿನ ಅವಳ ಮುಖ, ಹತ್ತು ವರ್ಷ ಚಿಕ್ಕದು,
ಮಂಚದಂಚಿಗೆ ತೂಗಿತು.

ಬಾವಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದೆ,
ಪಕ್ಕದಲ್ಲಿ ಗಂಟೆ ಬರೆದೆ. ಮತ್ತೆ ಗೆರೆ. ಮತ್ತೆ ಗಂಟೆ.
ಮನೆಯ ಬಾಗಿಲ ಚೌಕಟ್ಟಿನಲ್ಲಿ
ಮಗನ ಎತ್ತರ ಗುರುತಿಟ್ಟ ಹಾಗೆ,
ಇಲ್ಲಿ ಮಾತ್ರ ಬೆಳೆಯಬೇಡ, ಬೆಳೆಯಬೇಡ ಎನ್ನುತ್ತ.

ಎರಡು ಎಂಎಲ್ ರಕ್ತ, ಸೋಪು ಮುಟ್ಟದ
ಒಣ ಗಾಜಿನ ನಳಿಕೆಗೆ.
ಇಪ್ಪತ್ತು ನಿಮಿಷ ಅಲುಗಿಸಬಾರದು, ಎತ್ತಿ ನೋಡಬಾರದು.
ಹೆಪ್ಪು ಹಾಕಿದ ಪಾತ್ರೆಯ ಹತ್ತಿರ
ಅಮ್ಮ ನಮ್ಮನ್ನು ಸುಳಿಯಲೂ ಬಿಡುತ್ತಿರಲಿಲ್ಲ.
ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ
ನನಗಿನ್ನೂ ಪೂರ್ತಿ ಬಾರದ ವಿದ್ಯೆ ಅದು:
ಕೈಕಟ್ಟಿ ನಿಲ್ಲುವುದು.

ಆ ಹೊತ್ತಿನಲ್ಲಿ ಅವಳು ಕೇಳಿದ್ದು ಒಂದೇ.
'ಹೆಬ್ಬೆಟ್ಟು ಒತ್ತಿಲ್ಲ ಇವತ್ತು. ಆರೂವರೆ ದಾಟಿದ್ರೆ
ಆಬ್ಸೆಂಟು. ಮೇಸ್ತ್ರಿಗೊಂದು ಫೋನ್ ಮಾಡ್ತೀರಾ?'
ಮಾಡಿದೆ. ಆತ ಕೇಳಿದ್ದೂ ಒಂದೇ:
'ಆಟೋ ಯಾವಾಗ ವಾಪಸ್ಸು?'

ನಳಿಕೆ ಬಾಗಿಸಿದೆ.
ನೀರಿನ ಹಾಗೆ ಹರಿಯಿತು.

ಹತ್ತು ಸೀಸೆ. ತಳದಲ್ಲಿ ಬಿಳಿ ಪುಡಿ,
ಎಲ್ಲೋ ಲಾಯದಲ್ಲಿ ಒಂದು ಕುದುರೆ
ತನಗೆ ಚುಚ್ಚಿದ್ದನ್ನು ಹನಿಹನಿಯಾಗಿ ತಾಳಿಕೊಂಡು
ಕಲಿತ ಪಾಠ.
ನೀರು ಬೆರೆಸಿ ಕುಲುಕಬಾರದು, ನೊರೆ ಏಳುತ್ತದೆ.
ನಾನು ಐದು, ಸ್ಟೆಲ್ಲಾ ಐದು,
ಅಂಗೈಗಳ ನಡುವೆ ಉರುಳಿಸುತ್ತ ನಿಂತೆವು
ಬತ್ತಿ ಹೊಸೆಯುವ ಹೆಂಗಸರ ಹಾಗೆ.
ಹನಿ ಇಳಿಯತೊಡಗಿ ಕಾಲು ಗಂಟೆಗೆ
ಮೈತುಂಬ ದದ್ದು, ಹಲ್ಲು ಕಟಕಟ, ಉಸಿರು ಗೊರಗೊರ.
ನಿಲ್ಲಿಸಿದೆವು. ಅಡ್ರಿನಲಿನ್ ತೊಡೆಗೆ.
ಕುದುರೆಯೂ ಒಮ್ಮೊಮ್ಮೆ ಒದೆಯುತ್ತದೆ.
ಮತ್ತೆ ಶುರು ಮಾಡಿದೆವು, ನಿಧಾನ.

ನನ್ನ ಡ್ಯೂಟಿ ಎಂಟಕ್ಕೇ ಮುಗಿದಿತ್ತು.
ಮಧ್ಯಾಹ್ನ ಒಂದಕ್ಕೆ ಇನ್ನೊಂದು ನಳಿಕೆ, ಇನ್ನೊಂದು ಇಪ್ಪತ್ತು.
ತಲೆಕೆಳಗು ಮಾಡಿದರೆ
ಬೀಳಲಿಲ್ಲ.
ಗಡಿಗೆ ಮೊಸರಿನಂತೆ ಗಾಜಿಗೆ
ಕಚ್ಚಿಕೊಂಡಿತ್ತು.

ಮೂತ್ರದ ಚೀಲದಲ್ಲಿ ಇನ್ನೂ ಡಿಕಾಕ್ಷನ್ ಬಣ್ಣ.
ಪಾದ ಕಪ್ಪಾದ ಕಡೆ ಎಷ್ಟು ಉಳಿಯುತ್ತದೋ,
ಸರ್ಜನ್ ನಾಳೆ ನೋಡುತ್ತಾರೆ.
ಕಣ್ಣುಬಿಟ್ಟು ಅವಳು ಕೇಳಿದಳು, 'ಅದನ್ನ ಕೊಂದ್ರಾ?'
ಇಲ್ಲವಂತೆ. ಹಾಸಿಗೆ ಅಡಿಗೇ ಹೋಯಿತಂತೆ.
ಸುಮ್ಮನಾದಳು. ಗೆರೆಗಳ ಕಾಲನ್ನು ನೋಡಿಕೊಂಡಳು.
'ನಾಳೆ ನನ್ನ ಲೈನಿಗೆ ನರಸಕ್ಕ ಬರ್ತಾಳೆ.
ಮೊದಲು ಅವಳಿಗೆ ಫೋನ್ ಮಾಡಿ ಸಿಸ್ಟರಮ್ಮ.
ಆ ಹಾಸಿಗೆ ಅಲುಗಿಸಬೇಡ ಅಂತ.'